ಕಟಿಂಗ್ ಅಂಗಡಿಯ ಕುರ್ಚಿ ಊರಿನವರ ದಯೆಯಲ್ಲ, ಮೂಲಭೂತ ಹಕ್ಕು

2024ರ ಆಗಸ್ಟ್ 17ರಂದು ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ ದಲಿತ ಯುವಕನೊಬ್ಬ ಕಟಿಂಗ್ ಮಾಡಿಸಿಕೊಳ್ಳಲು ಅಂಗಡಿಗೆ ಹೋದ. ಅಲ್ಲಿ ಜಗಳವಾಯಿತು. ಕತ್ತರಿಯ ಇರಿತಕ್ಕೆ ಆತ ಪ್ರಾಣ ಕಳೆದುಕೊಂಡ. ಕ್ಷೌರ ಮಾಡಲು ಒಪ್ಪದಿದ್ದದ್ದೇ ಜಗಳದ ಮೂಲ ಎಂಬ ಆರೋಪ ಕೇಳಿಬಂತು. ಅಂಗಡಿಯವನನ್ನು ಪೊಲೀಸರು ಬಂಧಿಸಿದರು. ಜೀವ ಹೋಗಿದ್ದರಿಂದ ಸುದ್ದಿ ರಾಜ್ಯಕ್ಕೆಲ್ಲ ಮುಟ್ಟಿತು. ಜೀವ ಹೋಗದೆ, "ನಿಮಗ ಇಲ್ಲಿ ಮಾಡೂದಿಲ್ಲ" ಅನ್ನುವ ಒಂದು ಮಾತಿಗೇ ಮುಗಿದುಹೋಗುವ ಪ್ರಸಂಗಗಳು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ನಾನು ಬರೆಯಹೊರಟಿರುವುದು ಅವುಗಳ ಬಗ್ಗೆ.

ನಮ್ಮ ಭಾಗದ ಎಷ್ಟೋ ಹಳ್ಳಿಗಳಲ್ಲಿ ದಲಿತ ಕೇರಿಯ ಹುಡುಗರು ಕಟಿಂಗ್‌ಗೆ ಪಟ್ಟಣಕ್ಕೆ ಹೋಗುತ್ತಾರೆ. ಗಂಗಾವತಿ, ಕುಷ್ಟಗಿ, ಸಿಂಧನೂರು, ಸಿರುಗುಪ್ಪ, ಯಾವುದು ಹತ್ತಿರವೋ ಅಲ್ಲಿಗೆ. ಪಟ್ಟಣದ ಅಂಗಡಿಯಲ್ಲಿ ಯಾರು ಯಾರ ಮನೆಯವರು ಅಂತ ಯಾರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಜಾತಿ ಕೇಳುವುದಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಟಂಟಂ (ಶೇರ್ ಆಟೋ) ಚಾರ್ಜು, ಕೈತಪ್ಪಿದ ಕೂಲಿ ಎಲ್ಲ ಸೇರಿಸಿದರೆ ಕಟಿಂಗ್‌ನ ದರಕ್ಕಿಂತ ಅದರ ಸುತ್ತಲಿನ ಖರ್ಚೇ ಜಾಸ್ತಿ. ಮುದುಕರಿಗೆ, ಸಣ್ಣ ಮಕ್ಕಳಿಗೆ ಅದೂ ಆಗುವುದಿಲ್ಲ. ಅವರಿಗೆ ಮನೆ ಮುಂದೆಯೇ ತಮ್ಮವರು ಯಾರಾದರೂ ಕತ್ತರಿ ಹಿಡಿಯಬೇಕು. 2011ರ ಜನಗಣತಿ ನೋಡಿದರೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. ಇದು ಯಾವುದೋ ಮೂಲೆಯ ನಾಲ್ಕು ಮನೆಗಳ ಮಾತಲ್ಲ.

ಈ ವಿಷಯ ಎತ್ತಿದ ಕೂಡಲೇ ಬರುವ ಉತ್ತರ ಒಂದೇ. "ಇದು ಊರಿನ ವಿಚಾರ, ಕಾನೂನು ಯಾಕೆ ತರ್ತೀರಿ? ಅವನ ಅಂಗಡಿ, ಅವನಿಷ್ಟ." ಓದಿದವರೂ ಹೀಗೆ ಹೇಳುವುದನ್ನು ಕೇಳಿದ್ದೇನೆ. ಮೂಲಭೂತ ಹಕ್ಕು ಅಂದರೆ ಸರ್ಕಾರದ ವಿರುದ್ಧ ಇರುವ ಹಕ್ಕು, ಖಾಸಗಿ ಅಂಗಡಿಗೂ ಅದಕ್ಕೂ ಏನು ಸಂಬಂಧ ಎಂಬ ತಿಳಿವಳಿಕೆ ಇದರ ಹಿಂದೆ ಇದೆ. ಅದು ಅರ್ಧ ಸತ್ಯ. ವಾಕ್ ಸ್ವಾತಂತ್ರ್ಯವಿರಲಿ, ಸರ್ಕಾರಿ ನೌಕರಿಯಲ್ಲಿನ ಸಮಾನತೆಯಿರಲಿ, ಅವು ಮುಖ್ಯವಾಗಿ ಸರ್ಕಾರದ ಕೈ ಕಟ್ಟುವ ಹಕ್ಕುಗಳು. ಆದರೆ ಸಂವಿಧಾನ ಬರೆದವರಿಗೆ ನಮ್ಮ ಊರುಗಳು ಚೆನ್ನಾಗಿ ಗೊತ್ತಿದ್ದವು. ಇಲ್ಲಿ ಒಬ್ಬನ ಸ್ವಾತಂತ್ರ್ಯ ಕಸಿಯಲು ಸರ್ಕಾರವೇ ಬೇಕಾಗಿಲ್ಲ, ಊರೇ ಸಾಕು. ಅದಕ್ಕೇ ಕೆಲವು ವಿಧಿಗಳನ್ನು ನೇರವಾಗಿ ಜನರ ಮೇಲೆಯೇ ಹಾಕಿದರು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ, ಅದರ ಆಚರಣೆ ಯಾವುದೇ ರೂಪದಲ್ಲಿದ್ದರೂ ಶಿಕ್ಷಾರ್ಹ ಎನ್ನುತ್ತದೆ. 23ನೇ ವಿಧಿ ಜೀತವನ್ನು ನಿಷೇಧಿಸುತ್ತದೆ. 15ನೇ ವಿಧಿಯ ಎರಡನೇ ಖಂಡ ಅಂಗಡಿ, ಹೋಟೆಲ್, ಮನರಂಜನೆಯ ಜಾಗ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಒಂದೊಂದನ್ನೂ ಹೆಸರಿಸಿ, ಜಾತಿ ಧರ್ಮದ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯುವಂತಿಲ್ಲ ಎನ್ನುತ್ತದೆ. ಜಗತ್ತಿನ ದೊಡ್ಡ ಸಂವಿಧಾನವೊಂದು ಊರ ಬಾವಿ ಮತ್ತು ಚಹಾದಂಗಡಿಯನ್ನು ಮೂಲಭೂತ ಹಕ್ಕಿನ ಅಧ್ಯಾಯದಲ್ಲಿ ತಂದು ಕೂರಿಸಿದೆ ಅಂದರೆ ಸುಮ್ನೆ ಅಲ್ಲ.

ಈ ಖಂಡ ಸಂವಿಧಾನ ಸಭೆಯಲ್ಲಿ ಚರ್ಚೆಗೆ ಬಂದದ್ದು 1948ರ ನವೆಂಬರ್ 29ರಂದು. ಅಂಗಡಿ ಅಂದರೆ ಏನೇನು ಸೇರುತ್ತದೆ ಎಂಬ ಪ್ರಶ್ನೆ ಎದ್ದಿತು. ಅಂಬೇಡ್ಕರ್ ಅವರ ವಿವರಣೆಯ ಸಾರ ಹೀಗಿತ್ತು: ಸೇವೆ ಬೇಕೆಂದು ಬಂದ ಯಾರಿಗೇ ಆಗಲಿ ಸೇವೆ ಕೊಡಲು ಮಾಲೀಕ ತಯಾರಿರುವ ಜಾಗವೇ ಅಂಗಡಿ. ಒಳಗೆ ಕಾಲಿಡಲು ಬಿಡುವುದಷ್ಟೇ ಇದರ ಅರ್ಥವಲ್ಲ, ಷರತ್ತು ಒಪ್ಪಿಗೆಯಾದ ಮೇಲೆ ಸೇವೆಯನ್ನೇ ಕೇಳಿ ಪಡೆಯುವ ಹಕ್ಕು ಇದರಲ್ಲಿದೆ. ಈ ಎರಡನೇ ಮಾತು ನಮ್ಮ ಹಳ್ಳಿಗಳಿಗೆ ತೀರಾ ಮುಖ್ಯ. "ಒಳಗ ಬರ್ರಿ, ಕುಂದರ್ರಿ, ಆದರ ಕತ್ತರಿ ಮಾತ್ರ ಮುಟ್ಟಸೂದಿಲ್ಲ" ಅಂದರೂ ಹಕ್ಕು ಮುರಿದ ಹಾಗೆಯೇ.

ಆ ದಿನಾಂಕಕ್ಕೆ ನಮ್ಮ ಭಾಗದಲ್ಲಿ ಇನ್ನೊಂದು ಅರ್ಥವೂ ಇದೆ. ಆಗ ರಾಯಚೂರು ಮತ್ತು ಅದರೊಳಗಿದ್ದ ಕೊಪ್ಪಳ, ಹೈದರಾಬಾದ್ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾಗಿ ಎರಡೂವರೆ ತಿಂಗಳು ಕೂಡ ಪೂರ್ತಿ ಆಗಿರಲಿಲ್ಲ. ಬಳ್ಳಾರಿಯ ಕಥೆ ಬೇರೆ. ಅದು 1953ರವರೆಗೂ ಮದ್ರಾಸ್‌ಗೆ ಸೇರಿತ್ತು. ಅಲ್ಲಿ ದಲಿತರನ್ನು ಸಾರ್ವಜನಿಕ ಜಾಗಗಳಿಂದ ದೂರವಿಡುವುದನ್ನು ತಡೆಯುವ ಕಾಯ್ದೆ 1938ರಲ್ಲೇ ಬಂದಿತ್ತು, ದಲಿತ ನಾಯಕ ಎಂ.ಸಿ. ರಾಜಾ ಅವರ ಪ್ರಯತ್ನದಿಂದ. ಅಂದರೆ ಬಳ್ಳಾರಿಯ ಹಳ್ಳಿಗಳಿಗೆ ಈ ಹಕ್ಕು ಸಂವಿಧಾನಕ್ಕಿಂತ ಹನ್ನೆರಡು ವರ್ಷ ಹಳೆಯದು. ಇಷ್ಟು ಹಳೆಯ ಹಕ್ಕನ್ನು ಇವತ್ತಿಗೂ ಹೊಸ ಬೇಡಿಕೆ ಎಂಬಂತೆ ನೋಡುವುದು ನನಗೆ ಸಹಿಸಲಾಗದ ಸಂಗತಿ.

ಹಕ್ಕಿಗೆ ಹಲ್ಲು ಕೊಟ್ಟದ್ದು ಎರಡು ಕಾಯ್ದೆಗಳು. ಒಂದು 1955ರದ್ದು, 1976ರಿಂದ ಅದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಇನ್ನೊಂದು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ, 1989. ಹಳೆಯ ಕಾಯ್ದೆಯ 6ನೇ ಸೆಕ್ಷನ್ ನೇರವಾಗಿ ಸೇವೆ ನಿರಾಕರಣೆಯ ಬಗ್ಗೆ ಇದೆ. ಬೇರೆ ಗಿರಾಕಿಗಳಿಗೆ ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ, ಯಾವ ಷರತ್ತಿನ ಮೇಲೆ ಸೇವೆ ಕೊಡುತ್ತೀರೋ ಹಾಗೆಯೇ ಇವರಿಗೂ ಕೊಡಬೇಕು, ಅಸ್ಪೃಶ್ಯತೆಯ ಕಾರಣಕ್ಕೆ ಇಲ್ಲ ಅನ್ನುವುದು ಅಪರಾಧ. ಶಿಕ್ಷೆ ಒಂದು ತಿಂಗಳಿಂದ ಆರು ತಿಂಗಳು ಜೈಲು, ಜೊತೆಗೆ 100ರಿಂದ 500 ರೂಪಾಯಿ ದಂಡ. ಈ ದಂಡದ ಮೊತ್ತ ನಿಗದಿಯಾದದ್ದು 1976ರಲ್ಲಿ. ಈಗ ಅದು ಯಾರಿಗೂ ಭಯ ಹುಟ್ಟಿಸುವ ಮೊತ್ತವಲ್ಲ.

"ಅದೇ ಹೊತ್ತು, ಅದೇ ಜಾಗ" ಎಂಬ ಮಾತಿನಲ್ಲೊಂದು ಸಂದು ಇದೆ. ಅದನ್ನು ಊರುಗಳು ಬೇಗ ಕಂಡುಕೊಂಡವು. 2025ರ ಆರಂಭದಲ್ಲಿ ಕೊಪ್ಪಳ ತಾಲೂಕಿನ ಹಳ್ಳಿಯೊಂದರಿಂದ ಬಂದ ವರದಿ ಇದಕ್ಕೆ ಉದಾಹರಣೆ. ದಲಿತರಿಗೂ ಕ್ಷೌರ ಮಾಡಬೇಕು ಎಂದು ಅಧಿಕಾರಿಗಳು ಹೇಳಿದಾಗ, ಅಂಗಡಿಯ ಬಾಗಿಲೇ ಮುಚ್ಚಿತು. ಬೇರೆಯವರಿಗೆ ಮನೆಯಲ್ಲಿ ಸೇವೆ ನಡೆದೇ ಇತ್ತು. ಅಂಗಡಿಯೇ ಇಲ್ಲ ಅಂದಮೇಲೆ ಯಾವ ಅಂಗಡಿಗೆ ಬಿಡಲಿಲ್ಲ ಅಂತ ದೂರು ಕೊಡುವುದು?

ಹಳೆಯ ಕಾಯ್ದೆಯೊಂದೇ ಇದ್ದಿದ್ದರೆ ಈ ಪ್ರಶ್ನೆಗೆ ವಕೀಲರು ತಾಸುಗಟ್ಟಲೆ ವಾದ ಮಾಡಬೇಕಾಗುತ್ತಿತ್ತು. ಆದರೆ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ, 2016ರ ಜನವರಿ 26ರಿಂದ ಜಾರಿಗೆ ಬಂದು, ಆ ಸಂದನ್ನು ಮುಚ್ಚಿತು. ಅದರಲ್ಲಿ ಆರ್ಥಿಕ ಬಹಿಷ್ಕಾರ ಅಂದರೆ ಏನು ಎಂಬ ವ್ಯಾಖ್ಯೆ ಇದೆ. ವ್ಯವಹಾರ ಮಾಡಲು ಒಪ್ಪದಿರುವುದು, ಹಣಕ್ಕೆ ಸಿಗುವ ಸೇವೆಯಿಂದ ದೂರ ಇಡುವುದು, ಬೇರೆಯವರ ಜೊತೆ ಸಹಜವಾಗಿ ಇಟ್ಟುಕೊಳ್ಳುವ ವ್ಯಾಪಾರ ಸಂಬಂಧವನ್ನು ಇವರ ಜೊತೆ ಬಿಡುವುದು, ಎಲ್ಲವೂ ಅದರೊಳಗೆ ಬರುತ್ತವೆ. ಅಲ್ಲಿ ಜಾಗದ ಮಾತೇ ಇಲ್ಲ. ಅಂಗಡಿ ಮುಚ್ಚಿ, ಗೌಡರ ಮನೆಗೆ ಹೋಗಿ ದಾಡಿ ಮಾಡಿ, ಕೇರಿಗೆ ಮಾತ್ರ ಬರುವುದಿಲ್ಲ ಅಂದರೆ ಅದು ಬಹಿಷ್ಕಾರವೇ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಅಂಗಡಿ ಪ್ರವೇಶ ತಡೆಯುವುದಕ್ಕೂ ಇದೇ ಶಿಕ್ಷೆ. ಉದ್ಯೋಗ ಮಾಡುವ ಸ್ವಾತಂತ್ರ್ಯ 19ನೇ ವಿಧಿಯಲ್ಲಿದೆಯಲ್ಲ, ಅಂಗಡಿ ಮುಚ್ಚುವ ಸ್ವಾತಂತ್ರ್ಯವೂ ಅದರಲ್ಲೇ ಇದೆಯಲ್ಲ ಎಂದು ಕೇಳಬಹುದು. ಇದೆ, ಕಸುಬನ್ನೇ ಬಿಟ್ಟರೆ ಯಾರೂ ಕೇಳುವಂತಿಲ್ಲ. ಕಸುಬು ನಡೆಸುತ್ತಾ ಜಾತಿ ನೋಡಿ ಗಿರಾಕಿ ಆರಿಸುವ ಸ್ವಾತಂತ್ರ್ಯ ಮಾತ್ರ ಆ ವಿಧಿಯಲ್ಲಿಲ್ಲ.

ನಿರಾಕರಣೆ ಯಾವಾಗಲೂ ಜಾತಿ ಹೆಸರು ಹಿಡಿದು ಬರುವುದಿಲ್ಲ. ಇವತ್ತು ಕರೆಂಟ್ ಇಲ್ಲ, ಮಷೀನ್ ಕೆಟ್ಟಿದೆ, ಸಂಜೆ ಬಾ, ನಾಳೆ ಬಾ. ನಾಳೆ ಹೋದರೆ ಇನ್ನೊಂದು ನೆಪ. ಜಾತಿ ಕಾರಣಕ್ಕೇ ಇಲ್ಲ ಅಂದರು ಎಂದು ಸಾಬೀತು ಮಾಡುವುದು ಹೇಗೆ ಎಂಬ ಚಿಂತೆಯಲ್ಲೇ ಅನೇಕರು ಠಾಣೆ ಮೆಟ್ಟಿಲು ಹತ್ತುವುದಿಲ್ಲ. ಅಂಥವರಿಗೆ ಗೊತ್ತಿರಬೇಕಾದ ಒಂದು ಸೆಕ್ಷನ್ ಇದೆ. ನಾಗರಿಕ ಹಕ್ಕುಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಪರಿಶಿಷ್ಟ ಜಾತಿಯವರ ವಿಷಯದಲ್ಲಿ ಇಂಥ ಕೃತ್ಯ ನಡೆದಿದೆ ಎಂದಾದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದು ಎಂದು ಕೋರ್ಟು ಭಾವಿಸಬೇಕು. ಅಲ್ಲ ಎಂದು ತೋರಿಸುವ ಹೊಣೆ ಆರೋಪಿಯದು. ಇಷ್ಟು ಬಲವಾದ ಅಸ್ತ್ರವನ್ನು ಕಾನೂನು ಕೈಗೆ ಕೊಟ್ಟಿದ್ದರೂ ಕೇರಿಗಳಲ್ಲಿ ಅದರ ಬಗ್ಗೆ ಹೇಳಿಕೊಟ್ಟವರು ಕಡಿಮೆ.

ಈಗ ಕತ್ತರಿ ಹಿಡಿದವನ ಕಡೆಯಿಂದಲೂ ನೋಡಬೇಕು. ನಮ್ಮ ಕಡೆ ಈ ಕಸುಬು ಹೆಚ್ಚಾಗಿ ಹಡಪದ ಸಮುದಾಯದ್ದು. ಅವರೇನೂ ಊರನ್ನು ಆಳುವವರಲ್ಲ. ಅವರೂ ಹಿಂದುಳಿದವರು, ಅನೇಕರಿಗೆ ಜಮೀನಿಲ್ಲ. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಆಯ (ಕೆಲಸಕ್ಕೆ ಪ್ರತಿಯಾಗಿ ಧಾನ್ಯ) ಕೊಡುವ ರೈತರ ಮನೆಗಳ ಮೇಲೆಯೇ ಹಿಂದೆ ಅವರ ಬದುಕು ನಿಂತಿತ್ತು. "ಅವರಿಗೂ ನಮಗೂ ಒಂದೇ ಕತ್ತರಿಯೇನು? ನಾಳೆಯಿಂದ ನಿನ್ನ ಅಂಗಡಿಗೆ ನಾವು ಬರೂದಿಲ್ಲ" ಎಂದು ನಾಲ್ಕು ದೊಡ್ಡ ಮನೆಯವರು ಹೇಳಿದರೆ ಅವರ ಒಲೆ ಆರುತ್ತದೆ. ಈ ಭಯ ಸುಳ್ಳಲ್ಲ. 2020ರಲ್ಲಿ ಮೈಸೂರು ಜಿಲ್ಲೆ ನಂಜನಗೂಡು ತಾಲೂಕಿನ ಹಳ್ಳರೆ ಗ್ರಾಮದಲ್ಲಿ ದಲಿತರಿಗೆ ಕ್ಷೌರ ಮಾಡಿದ್ದಕ್ಕೇ ಕ್ಷೌರಿಕರೊಬ್ಬರಿಗೆ 50 ಸಾವಿರ ರೂಪಾಯಿ ದಂಡ ಹಾಕಿ ಬಹಿಷ್ಕರಿಸಿದ ಆರೋಪ ಬಂದಿತ್ತು.

ಭಯ ಇದೆ ಎಂದು ನಿರಾಕರಣೆ ಸರಿಯಾಗುವುದಿಲ್ಲ. ಕೇರಿಯವನ ಹಕ್ಕನ್ನು ಕ್ಷೌರಿಕನ ಬಡತನದ ಎದುರು ತೂಗಿ ನೋಡುವುದೇ ತಪ್ಪು. ಆದರೆ ಪೊಲೀಸರು ಬರೀ ಅಂಗಡಿಯವನನ್ನು ಎಳೆದುಕೊಂಡು ಹೋಗಿ, ಅವನ ಹಿಂದೆ ನಿಂತು ಬೆದರಿಸಿದವರನ್ನು ಮುಟ್ಟದೆ ಬಿಟ್ಟರೆ ಕಾನೂನು ಅರ್ಧ ಕೆಲಸ ಮಾಡಿದಂತೆ. ಪ್ರಚೋದನೆ ಕೊಟ್ಟವರೂ ಅಪರಾಧಿಗಳೇ, ಹಳೆಯ ಕಾಯ್ದೆಯ 7ನೇ ಸೆಕ್ಷನ್ ಅದನ್ನು ಹೇಳುತ್ತದೆ. ಅದೇ ಸೆಕ್ಷನ್‌ನ ಎರಡನೇ ಭಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಸ್ಪೃಶ್ಯತೆ ಆಚರಿಸಲು ಒಪ್ಪಲಿಲ್ಲ ಎಂಬ ಕಾರಣಕ್ಕೆ ತಮ್ಮದೇ ಸಮುದಾಯದವನನ್ನು ಹೊರಹಾಕುವುದು, ಅವನ ಹಕ್ಕು ಕಿತ್ತುಕೊಳ್ಳುವುದು ಕೂಡ ಅಪರಾಧ. ಅಂದರೆ ಕೇರಿಯವರಿಗೆ ಕ್ಷೌರ ಮಾಡಿ ಕುಲದಿಂದ ಹೊರಬಿದ್ದ ಕ್ಷೌರಿಕನ ರಕ್ಷಣೆಗೂ ಕಾನೂನಿನಲ್ಲಿ ಜಾಗವಿದೆ. ಈ ಭಾಗವನ್ನು ಎಫ್‌ಐಆರ್‌ನಲ್ಲಿ ಹಾಕುವ ಠಾಣೆಗಳು ಹೆಚ್ಚಾದರೆ, ಕತ್ತರಿ ಹಿಡಿದವನಿಗೂ ಬೆನ್ನಿಗೆ ಯಾರೋ ಇದ್ದಾರೆ ಅನ್ನಿಸುತ್ತದೆ.

ಇಷ್ಟೆಲ್ಲ ಇದ್ದರೂ ಊರಲ್ಲಿ ಮೊದಲು ನಡೆಯುವುದು ಶಾಂತಿ ಸಭೆ. ತಹಶೀಲ್ದಾರರು, ಪಿಎಸ್‌ಐ, ಸಮಾಜ ಕಲ್ಯಾಣ ಇಲಾಖೆಯವರು ಬರುತ್ತಾರೆ. ಹಿರಿಯರನ್ನು ಕರೆಸುತ್ತಾರೆ. ಎಲ್ಲರೂ ಅಣ್ಣತಮ್ಮಂದಿರ ಹಾಗೆ ಇರಿ ಎನ್ನುತ್ತಾರೆ. ಕೇರಿಯ ಒಬ್ಬಿಬ್ಬರನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಕಟಿಂಗ್ ಮಾಡಿಸುತ್ತಾರೆ, ಫೋಟೋ ಪತ್ರಿಕೆಗೆ ಹೋಗುತ್ತದೆ. ಸಭೆ ನಡೆಸುವುದು ತಪ್ಪಲ್ಲ, ಊರಲ್ಲಿ ಒಟ್ಟಿಗೆ ಬದುಕಬೇಕಲ್ವಾ. ಆದರೆ ಎಫ್‌ಐಆರ್‌ನ ಜಾಗದಲ್ಲಿ ಸಭೆ ಬಂದಾಗ ಕೆಡುಕು ಶುರುವಾಗುತ್ತದೆ. ಆಗ ಹಕ್ಕು ಎಂಬುದು ಹಿರಿಯರು ಮನಸ್ಸು ಮಾಡಿ ಕೊಟ್ಟ ಉಪಕಾರವಾಗುತ್ತದೆ. ಜೀಪು ಹೋದ ಮೇಲೆ ಉಪಕಾರ ವಾಪಸ್ ಹೋಗಬಹುದು. ದೂರು ಕೊಟ್ಟವನಿಗೆ ಮರುದಿನ ಹೊಲದ ಕೆಲಸಕ್ಕೆ ಕರೆ ಬರದೇ ಇರಬಹುದು.

ಕಾನೂನು ಈ ವಿಷಯದಲ್ಲಿ ಅಧಿಕಾರಿಗಳಿಗೆ ಆಯ್ಕೆಯನ್ನೇ ಬಿಟ್ಟಿಲ್ಲ. ಇಂಥ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ದೌರ್ಜನ್ಯ ಕಾಯ್ದೆಗೆ 2018ರಲ್ಲಿ ಸೇರಿದ 18ಎ ಸೆಕ್ಷನ್, ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಡ ಎನ್ನುತ್ತದೆ. ಅದೇ ವರ್ಷ ಮಾರ್ಚ್‌ನಲ್ಲಿ ಕೋರ್ಟು ಹಾಕಿದ್ದ ಷರತ್ತುಗಳನ್ನು ತೆಗೆಯಲೆಂದೇ ಸಂಸತ್ತು ಅದನ್ನು ತಂದಿತು, 2020ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕರ್ತವ್ಯ ಬಿಟ್ಟ ಅಧಿಕಾರಿಗೆ ದೌರ್ಜನ್ಯ ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಒಂದು ವರ್ಷ ಶಿಕ್ಷೆ ಇದೆ. ಆದರೆ ಅದಕ್ಕೆ ಮೊದಲು ಇಲಾಖಾ ವಿಚಾರಣೆಯ ಶಿಫಾರಸು ಬೇಕು, ಅಲ್ಲೇ ಬಹಳಷ್ಟು ನಿಂತುಹೋಗುತ್ತದೆ. 1955ರ ಕಾಯ್ದೆಯ ಮಾತು ಇನ್ನೂ ಖಡಕ್ಕಾಗಿದೆ. ತನಿಖೆಯನ್ನು ಬೇಕೆಂದೇ ಕಡೆಗಣಿಸಿದ ನೌಕರ, ಆ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನೇ ಎಂದು 10ನೇ ಸೆಕ್ಷನ್‌ನ ವಿವರಣೆ ಹೇಳುತ್ತದೆ.

ಇನ್ನು ಸಂವಿಧಾನದ ಮಟ್ಟದಲ್ಲಿ ನೋಡಿದರೆ, 1982ರ ಏಷ್ಯಾಡ್ (ಏಷ್ಯನ್ ಗೇಮ್ಸ್) ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಡಿದ ಮಾತು ಇಲ್ಲಿಗೆ ನೇರವಾಗಿ ಅನ್ವಯಿಸುತ್ತದೆ. 17, 23 ಮತ್ತು ಬಾಲಕಾರ್ಮಿಕತೆ ತಡೆಯುವ 24ನೇ ವಿಧಿಗಳಂಥ ಹಕ್ಕನ್ನು ಖಾಸಗಿ ವ್ಯಕ್ತಿ ಮುರಿದಾಗ, ಅದನ್ನು ತಡೆಯುವುದು ಸರ್ಕಾರದ ಸಂವಿಧಾನಾತ್ಮಕ ಹೊಣೆ. ನೊಂದವನೇ ಕೋರ್ಟಿಗೆ ಹೋಗಬಹುದಲ್ಲ ಎಂದು ಸರ್ಕಾರ ಕೈಕಟ್ಟಿ ಕೂರುವಂತಿಲ್ಲ. ನನ್ನ ಪ್ರಕಾರ ಇಡೀ ಚರ್ಚೆಯ ಗಂಟು ಇರುವುದು ಇಲ್ಲಿಯೇ. ಕಟಿಂಗ್ ಅಂಗಡಿಯಲ್ಲಿ ನಿರಾಕರಣೆ ನಡೆದಾಗ ನಾವು ಅಂಗಡಿಯವನನ್ನು ನೋಡುತ್ತೇವೆ, ಊರನ್ನು ನೋಡುತ್ತೇವೆ, ಕೊನೆಗೆ ಮನಪರಿವರ್ತನೆ ಆಗಬೇಕು ಎನ್ನುತ್ತೇವೆ. ಹೊಣೆ ಹೊತ್ತವರು ಜಿಲ್ಲಾಧಿಕಾರಿ ಮತ್ತು ಎಸ್‌ಪಿ ಕಚೇರಿಯಲ್ಲಿದ್ದಾರೆ ಎಂಬುದನ್ನು ಮರೆಯುತ್ತೇವೆ.

ಹೊಣೆ ತಡವಾಗಿ ನಿಭಾಯಿಸಿದರೆ ಏನಾಗುತ್ತದೆ ಎಂಬುದಕ್ಕೆ ಗಂಗಾವತಿ ತಾಲೂಕಿನ ಮರಕುಂಬಿ ಇದೆ. 2014ರ ಆಗಸ್ಟ್‌ನಲ್ಲಿ ಅಲ್ಲಿ ದಲಿತರ ಮೇಲೆ ಹಲ್ಲೆಯಾಯಿತು, ಮನೆಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ ಮತ್ತು ಹೋಟೆಲ್ ಪ್ರವೇಶದ ತಕರಾರು ಆ ಗಲಾಟೆಯ ಹಿನ್ನೆಲೆಯಲ್ಲಿತ್ತು ಎಂದು ಆಗ ಪತ್ರಿಕೆಗಳು ಬರೆದವು. ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 2024ರ ಅಕ್ಟೋಬರ್ 24ರಂದು ಶಿಕ್ಷೆ ಪ್ರಕಟಿಸಿತು. ತಪ್ಪಿತಸ್ಥರು 101 ಮಂದಿ, ಅವರಲ್ಲಿ 98 ಮಂದಿಗೆ ಜೀವಾವಧಿ. ದೇಶವೇ ತಿರುಗಿ ನೋಡಿದ ತೀರ್ಪು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಮೇಲ್ಮನವಿ ವಿಚಾರಣೆಗೆ ಬಂದಾಗ ಹೀಗಾಗುವುದು ಕಾನೂನಿನ ಪ್ರಕ್ರಿಯೆಯ ಭಾಗವೇ, ಅದರಲ್ಲಿ ಅಚ್ಚರಿಯಿಲ್ಲ.

ನನ್ನನ್ನು ಕಾಡುವುದು ನಡುವಿನ ಹತ್ತು ವರ್ಷ. ಆರೋಪಪಟ್ಟಿ ಸಲ್ಲಿಸಿದ ದಿನದಿಂದ ಸಾಧ್ಯವಾದಮಟ್ಟಿಗೆ ಎರಡು ತಿಂಗಳಲ್ಲಿ ಕೇಸು ಮುಗಿಸಬೇಕು ಎಂದು ದೌರ್ಜನ್ಯ ತಡೆ ಕಾಯ್ದೆಯ 14ನೇ ಸೆಕ್ಷನ್ ಈಗ ಹೇಳುತ್ತದೆ. ಹತ್ತು ವರ್ಷವೆಂದರೆ ಅಂದು ಒಂದನೇ ಕ್ಲಾಸಿನಲ್ಲಿದ್ದ ಮಗು ಎಸ್‌ಎಸ್‌ಎಲ್‌ಸಿ ಮುಗಿಸುವಷ್ಟು ಕಾಲ. ಅಷ್ಟು ದಿನ ಸಾಕ್ಷಿ ಹೇಳುವವರು ಅದೇ ಊರಲ್ಲಿ, ಅದೇ ರಸ್ತೆಯಲ್ಲಿ, ಆರೋಪಿಗಳ ಹೊಲಗಳ ಪಕ್ಕದಲ್ಲೇ ಬದುಕಬೇಕು. 2014ಕ್ಕೆ ಮೊದಲೇ, ಅಂಗಡಿ ಮತ್ತು ಹೋಟೆಲ್‌ನ ಮೊದಲ ತಕರಾರಿನ ದಿನವೇ, ಒಂದು ಸಣ್ಣ ಕೇಸು ದಾಖಲಾಗಿ ಬೇಗ ತೀರ್ಮಾನವಾಗಿದ್ದರೆ ಮನೆಗಳು ಉರಿಯುವವರೆಗೆ ಹೋಗುತ್ತಿತ್ತೇ? ಉತ್ತರ ಖಚಿತವಾಗಿ ಹೇಳಲಾಗದು. ಆದರೆ ದೊಡ್ಡ ದೌರ್ಜನ್ಯಗಳ ಹಿಂದೆ ಯಾರೂ ದಾಖಲಿಸದ ಸಣ್ಣ ನಿರಾಕರಣೆಗಳ ಸಾಲು ಇರುತ್ತದೆ ಎಂಬ ನಂಬಿಕೆ ನನಗೆ ಗಟ್ಟಿಯಾಗಿದೆ.

ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಬೇರೆ ರೀತಿ ಆಯಿತು. ಮಳೆ ಬಂತೆಂದು ಪುಟ್ಟ ದಲಿತ ಮಗುವೊಂದು ಹನುಮಂತನ ಗುಡಿಯೊಳಗೆ ಓಡಿತು. ಶುದ್ಧೀಕರಣದ ಖರ್ಚು ಎಂದು ಮಗುವಿನ ಮನೆಯವರಿಗೆ ಸಾವಿರಾರು ರೂಪಾಯಿ ದಂಡ ಹಾಕಿದ ಸಂಗತಿ ಹೊರಬಿತ್ತು. ಕೆಲವೇ ದಿನಗಳಲ್ಲಿ ಕೇಸು ದಾಖಲಾಯಿತು, ಬಂಧನಗಳೂ ಆದವು. ಆಡಳಿತ ಮನಸ್ಸು ಮಾಡಿದರೆ ಬೇಗ ನಡೆಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಅಷ್ಟು ಬೇಗ ನಡೆಯಲು ಟಿವಿ ಕ್ಯಾಮೆರಾ ಬರಬೇಕಾಯಿತು.

ಹಾಗಾದರೆ ಕ್ಯಾಮೆರಾ ಬರದ ಊರಿನವರು ಏನು ಮಾಡಬೇಕು? ದೌರ್ಜನ್ಯ ತಡೆ ನಿಯಮಗಳ 17ನೇ ನಿಯಮದ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಆ ಸಭೆಯ ನಡಾವಳಿಯನ್ನು ಹತ್ತು ರೂಪಾಯಿಯ ಆರ್‌ಟಿಐ ಅರ್ಜಿಯಲ್ಲಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಯಾವ ಹಳ್ಳಿಯ ದೂರು ಬಂತು, ಎಷ್ಟರಲ್ಲಿ ಎಫ್‌ಐಆರ್ ಆಯಿತು, ಎಷ್ಟು ಶಾಂತಿ ಸಭೆಯಲ್ಲೇ ಮುಗಿದವು ಎಂದು ಕೇಳಬೇಕು. ನಾಗರಿಕ ಹಕ್ಕುಗಳ ಕಾಯ್ದೆಯ 15ಎ ಸೆಕ್ಷನ್ ಇನ್ನೂ ಒಂದು ಕೆಲಸವನ್ನು ಸರ್ಕಾರಕ್ಕೆ ಒಪ್ಪಿಸಿದೆ. ಕಾಯ್ದೆ ಹೇಗೆ ಕೆಲಸ ಮಾಡುತ್ತಿದೆ ಎಂದು ಆಗಾಗ ಸಮೀಕ್ಷೆ ನಡೆಸಬೇಕು, ಅಸ್ಪೃಶ್ಯತೆಯ ಕಾಟ ಇರುವ ಪ್ರದೇಶಗಳನ್ನು ಗುರುತಿಸಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿಯ ಪ್ರತಿ ಹಳ್ಳಿಯ ಕಟಿಂಗ್ ಅಂಗಡಿ, ಹೋಟೆಲ್, ಗುಡಿ, ನೀರಿನ ಜಾಗವನ್ನು ಹೀಗೆ ಸಮೀಕ್ಷೆ ಮಾಡಿ, ಪಟ್ಟಿಯನ್ನು ಜನರ ಮುಂದಿಡಬೇಕು ಎಂದು ಜಿಲ್ಲಾಡಳಿತಕ್ಕೆ ಮನವಿ ಕೊಡಬಹುದು. ಮನವಿಗೆ ಉತ್ತರ ಬರದಿದ್ದರೆ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ (ಸರ್ಕಾರ ತನ್ನ ಕರ್ತವ್ಯ ಮಾಡುವಂತೆ ಆದೇಶ ಕೋರುವ ಅರ್ಜಿ) ಹಾಕಲು ಕೊಪ್ಪಳ ಮತ್ತು ಬಳ್ಳಾರಿಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ ಇದೆ. ಖರ್ಚಿಗೆ ಹೆದರಬೇಕಾಗಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡಬೇಕು. ಅದರ ಕಚೇರಿ ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ.